ಗೋಡೆಯ ನೆರಳು

ಅಪ್ಪಾ,

ಇವತ್ತು ನನ್ನ ಕಣ್ಣಿನ ಚಿಕಿತ್ಸೆಯಿತ್ತು. ಮೊದಲು ಕೈಯ ನರಕ್ಕೆ ಔಷಧಿ ಕೊಟ್ಟು, ಆಮೇಲೆ ಕಣ್ಣಿಗೆ ಬೆಳಕು ಬಿಟ್ಟು ಆ ಔಷಧಿಯನ್ನು ಕೆಲಸಕ್ಕೆ ಹಚ್ಚುತ್ತಾರಂತೆ. ನರ್ಸ್ ಸೂಜಿ ಹಿಡಿದು ನಿಂತಾಗ ಡಾಕ್ಟರು ಕೇಳಿದರು: "ಬಿಸಿಲು ತಾಗಿದ್ರೆ ಮೈಮೇಲೆ ಬೊಕ್ಕೆ ಏಳೋ ಕಾಯಿಲೆ ನಿಮ್ಮನೇಲಿ ಯಾರಿಗಾದ್ರೂ ಇತ್ತಾ?"

"ಇಲ್ಲ" ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ, ನೀನು ಹೋಗಿ ಇಷ್ಟು ವರ್ಷಗಳಾದ ಮೇಲೆ, ಸುಡುಬೇಸಿಗೆಯಲ್ಲೂ ತುಂಬುತೋಳಿನ ಅಂಗಿಯೊಳಗೆ ಮುಚ್ಚಿಡುತ್ತಿದ್ದ ನಿನ್ನ ಕಲೆಗಟ್ಟಿದ ಕೈ ಕಣ್ಣಿಗೆ ಕಟ್ಟಿತು.

"ನಮ್ಮಪ್ಪಂಗಿತ್ತು" ಎಂದೆ.

ಡಾಕ್ಟರು ಸೂಜಿಯನ್ನು ಕೆಳಗಿಡಿಸಿದರು. "ಅದು ನಿಮಗೂ ಇದ್ರೆ ಈ ಔಷಧಿ ಕೊಡೋ ಹಾಗೇ ಇಲ್ಲ. ಮೊದಲು ಪರೀಕ್ಷೆ ಆಗ್ಲಿ."

ಹೊರಗೆ ಬಂದು ಗೋಡೆಯ ನೆರಳಿಗೆ ಅಂಟಿಕೊಂಡು ನಡೆದೆ. ನನ್ನನ್ನು ಶಾಲೆಗೆ ಬಿಡಲು ಬರುವಾಗ ನೀನು ಹೀಗೇ ನಡೆಯುತ್ತಿದ್ದೆ. ನಾನು ರಸ್ತೆಯ ಆಚೆ ಬದಿಯ ಬಿಸಿಲಿನಲ್ಲಿ, ಬೇರೆ ಯಾರ ಮಗಳೋ ಎಂಬಂತೆ ಬರುತ್ತಿದ್ದೆ.