ಹಲ್ಲಿನ ಅಂಟಿನಲ್ಲಿ ಜಿಂಕ್

ಪ್ರಮಿಳಾ ವೈನಿ,

ನನ್ನ ಮುಂದಿನ ಹಲ್ಲು ಉಳಿಯಿತು! ಕಂಬಳಿ ನೂಲನ್ನು ಹಲ್ಲಿನಿಂದ ಕಡಿಯುವಾಗ ಅದಕ್ಕೆ ತುಂಬಿಸಿದ್ದ ಹಳೆಯ ಸಿಮೆಂಟು ಉದುರಿತ್ತಲ್ಲ, ಒಳಗೆ ಹಲ್ಲೂ ಸವೆದಿತ್ತಂತೆ. ಕಿತ್ತೇ ಬಿಡುತ್ತಾರೆಂದು ಹೆದರಿದ್ದೆ. ಬೆಳಗಾವಿಯ ಡಾಕ್ಟರಮ್ಮ ಏನೋ ಅಂಟು ಸವರಿ, ನೀಲಿ ಬೆಳಕು ಹಿಡಿದು, ಹೊಸ ಸಿಮೆಂಟು ಕೂರಿಸಿದರು.

"ಈ ಅಂಟಿನಾಗ ಜಿಂಕ್ ಐತ್ರಿ ಮಾಯಕ್ಕ, ಒಳಗಿನ ಹಲ್ಲು ಲಗೂನ ಸವದು ಹೋಗಂಗಿಲ್ಲ," ಅಂದರು.

"ಭತ್ತಕ್ಕ ಗೊಬ್ಬರ ಅಂತ ಹಾಕೂ ಜಿಂಕ್ ಏನ್ರೀ? ಮೊದ್ಲ ಹೇಳಿದ್ರ ಖಾನಾಪುರದಿಂದ ಅರ್ಧ ಚೀಲ ತರ್ತಿದ್ನಲ್ಲ!" ಅಂದೆ. ಕೈಯಲ್ಲಿದ್ದ ಕನ್ನಡಿ ಬೀಳುವಷ್ಟು ನಕ್ಕರು.

ಬಾಯಿ ಜೋಮು ಹಿಡಿದಿದೆ, ನೋವಿಲ್ಲ. ಸೋಮವಾರ ಮತ್ತೊಮ್ಮೆ ತೋರಿಸಬೇಕು, ಅಲ್ಲಿಯವರೆಗೆ ಅನಗೋಳದ ಚಿಕ್ಕಮ್ಮನ ಮನೆಯಲ್ಲಿರುತ್ತೇನೆ. ನೂಲಿಗೆಂದು ಖಾಸಬಾಗದಲ್ಲಿ ಕತ್ತರಿ ಕೊಂಡೆ. ಹಲ್ಲು ಇನ್ನು ನಿಮ್ಮ ಗರಿಗರಿ ಕಟಕ ರೊಟ್ಟಿಗೆ ಮಾತ್ರ.

ಮಾಯಕ್ಕ