ಕಾಲುವೆಯತ್ತ ಎಳೆಯುತ್ತಿದ್ದ ಕಾರು

ಸಿಂಧನೂರು, ೨೦ ನವೆಂಬರ್ ೧೯೬೭, ಸೋಮವಾರ.

ಅವ್ವನಿಗೆ ಮೊಣಕಾಲು ನೋವು. ಹತ್ತಲು ಸುಲಭವಾಗಲಿ ಎಂದು ಕಾರಿನ ಮುಂಭಾಗ ತಗ್ಗಿಸಿದ್ದೆ. ಅಂದಿನಿಂದ ಚಕ್ರಗಳು ಒಳಕ್ಕೆ ವಾಲಿ, ಟೈರು ಒಳಬದಿಯಲ್ಲೇ ಸವೆದು, ಕಾರು ಒಂದೇ ಪಕ್ಕಕ್ಕೆ ಎಳೆಯುತ್ತಿತ್ತು. ಮೊನ್ನೆ ವಳಕಮದಿನ್ನಿ ಹತ್ತಿರ ಇನ್ನೇನು ಕಾಲುವೆಗೆ ಬೀಳುವವರಿದ್ದೆವು.

ಇಂದು ಅವ್ವನನ್ನು ಕರೆದುಕೊಂಡು ಲಿಂಗಸುಗೂರಿಗೆ ಹೋದೆ. ಅಲ್ಲಿನ ಮಿಸ್ತ್ರಿ ಯಮನೂರಪ್ಪ ಮುಂಭಾಗವನ್ನು ಮತ್ತೆ ಎತ್ತರಿಸಿ, ದಾರ ಹಿಡಿದು ನೋಡಿ ಚಕ್ರಗಳನ್ನು ನೆಟ್ಟಗೆ ಮಾಡಿಕೊಟ್ಟ. "ಇನ್ನ ಎಳೆಯಂಗಿಲ್ರೀ," ಎಂದ. ಅವ್ವ ಹತ್ತುವುದು ಹೇಗೆ ಎಂದು ನಾನು ಯೋಚಿಸುತ್ತಿದ್ದರೆ, ಅವಳು ನನ್ನ ಹೆಗಲು ಹಿಡಿದು ಹತ್ತಿಯೇಬಿಟ್ಟಳು. "ಕಾಲು ನೋಯ್ಲಿ ಬಿಡೋ ಸೂಗಾ, ಜೀವ ಉಳದ್ರ ಸಾಕು."

ಬರುವಾಗ ಕಾಲುವೆ ದಂಡೆಯ ಮೇಲೆ ಸ್ಟೇರಿಂಗ್ ಸಡಿಲವಾಗಿ ಹಿಡಿದೆ. ಕಾರು ನೆಟ್ಟಗೆ ಹೋಯಿತು. ಹೋಗುವಾಗ ಬಾಗಿಲನ್ನು ಬಿಗಿಯಾಗಿ ಹಿಡಿದು ಕುಳಿತಿದ್ದ ಅವ್ವ ಗೊರಕೆ ಹೊಡೆಯುತ್ತಿದ್ದಳು. ಎಷ್ಟೋ ದಿನದ ಮೇಲೆ, ಇದನ್ನು ಬರೆಯುತ್ತಿರುವಾಗಲೇ ನನಗೂ ನಿದ್ದೆಗೆ ಕಣ್ಣು...