ಎಣ್ಣೆ ಸೋಸಿದ ಕಂಬಳಿ

ಉಜ್ಜಿನಿ, ಕೂಡ್ಲಿಗಿ ತಾಲೂಕು
ತಾ. 9-7-1983

ಹಡಗಿನ ಎಂಜಿನ್ ಯಾಕೆ ಸುಟ್ಟಿತೆಂದು ತನಿಖೆ ಮಾಡುತ್ತಿರುವ ಸಾಹೇಬರಿಗೆ ಜಂಬಕ್ಕ ಮಾಡುವ ಶರಣು.

ಎಣ್ಣೆಯ ಪೈಪಿನೊಳಗೆ ಕರಿ ಉಣ್ಣೆ ಸಿಕ್ಕಿತಂತೆ. ನಮ್ಮ ಯಜಮಾನರೇ ಹಗೆತನದಿಂದ ತುರುಕಿದ್ದಾರೆಂದು ಬಂದರಿನ ಪೊಲೀಸರು ಹಿಡಿದಿಟ್ಟಿದ್ದಾರೆ.

ನಾವು ಕುರಿ ಸಾಕುವವರು. ಬಾವಿಯ ಎಂಜಿನ್ನಿಗೆ ಎಣ್ಣೆಯನ್ನು ಕಂಬಳಿ ತುಂಡಿನಲ್ಲಿ ಸೋಸಿಯೇ ಹಾಕುತ್ತೇವೆ. ಹೋದ ಸಲ ರಜೆಗೆ ಬಂದವರು ನಮ್ಮ ಮದುವೆಯ ಕಂಬಳಿಯನ್ನು ಅರ್ಧ ಕತ್ತರಿಸಿಕೊಂಡರು. ಯಾಕೆಂದು ಕೇಳಿದೆ.

"ಹಡಗಿನ ಎಣ್ಣಿ ಸೋಸೋ ಜಾಲರಿ ಹರದೈತಿ. ಕೇಳಿದ್ರ ಮಿಸ್ತ್ರಿ ಹೊಸದು ಕೊಡವಲ್ರು. ಯಾವ ಎಂಜಿನ್ನಾದ್ರೂ ಎಣ್ಣ್ಯಾಗ ಕಸ ಹೋಗಬಾರ್ದಲ್ಲ" ಅಂದರು.

ಹಳೆಯ ಕಂಬಳಿ ಎಳೆ ಉದುರಿಸುತ್ತದೆ ಎನ್ನುವುದು ನನಗೂ ಹೊಳೆಯಲಿಲ್ಲ. ಆ ಮಿಸ್ತ್ರಿಯೇ ಇವರಿಗೆ ಕೆಲಸ ಕೊಡಿಸಿದವರು. ಅವರ ಮೇಲೆ ತಪ್ಪು ಬರಬಾರದೆಂದೇ ಇವರು ಬಾಯಿ ಬಿಡುತ್ತಿಲ್ಲ.

ಕೈಮುಗಿದು ಕೇಳುತ್ತೇನೆ, ಯಾರಾದರೂ ಎಸೆಯುವ ಮೊದಲು ಆ ಜಾಲರಿಯನ್ನು ತೆಗೆಸಿ ನೋಡಿರಿ. ಉಳಿದ ಕಂಬಳಿಯ ತುಂಡೊಂದನ್ನು ಈ ಪಾರ್ಸಲ್ಲಿನಲ್ಲಿ ಇಟ್ಟಿದ್ದೇನೆ, ಪೈಪಿನ ಉಣ್ಣೆಯ ಜೊತೆ ಹೋಲಿಸಿರಿ. ಕೆಲಸ ಹೋದರೆ ಹೋಗಲಿ. ಬೇಕೆಂದೇ ಕೆಡಿಸಿದವನು ಎಂಬ ಹೆಸರು ಬಂದರೆ ಅವರು ಜೀವ ಇಟ್ಟುಕೊಳ್ಳುವುದಿಲ್ಲ, ನನಗೆ ಗೊತ್ತು.

ನೋಡಿದ ಮೇಲೆ ಆ ತುಂಡನ್ನು ಫೈಲಿಗೆ ಸೇರಿಸದೆ ಅವರ ಕೈಗೆ ಕೊಡಿರಿ. ಬರಿನೆಲದ ಮೇಲೆ ಮಲಗಿಸಿದ್ದಾರಂತೆ. ತಲೆಯ ಕೆಳಗೆ ಇಟ್ಟುಕೊಳ್ಳಲು ಆಗುವಷ್ಟು ದೊಡ್ಡದನ್ನೇ ಕತ್ತರಿಸಿದ್ದೇನೆ.

ಇತಿ,
ಎಂಜಿನ್ನಿಗೆ ಎಣ್ಣೆ ಹಾಕುವ ಓಬಳೇಶಪ್ಪನವರ ಹೆಂಡತಿ
ಜಂಬಕ್ಕ